ವರ್ನಾ ಕೊಯ್ದ ಬೆಳ್ಳಿ ಪದರಗಳು

ಟೈರ್ ಕಾರ್ಖಾನೆಗಳ ಊರಾಗಿದ್ದ ಆಕ್ರನ್‌ನಲ್ಲಿ ಈಗ ರಬ್ಬರಿನ ವಾಸನೆ ಬರುವುದಿಲ್ಲ. ಬರುತ್ತಿದ್ದ ಕಾಲದಲ್ಲಿ ಅದನ್ನು ಬೈಯದ ಹೆಂಗಸು ಬೀದಿಯಲ್ಲಿ ಒಬ್ಬಳೂ ಇರಲಿಲ್ಲ. ಈಗ ಅದೇ ಬೀದಿಯಲ್ಲಿ ಉಳಿದಿರುವ ಮುದುಕಿಯರು ಸಂಜೆ ಜಗಲಿಯ ಮೇಲೆ ಕುಳಿತು, ಗಾಳಿಗೆ ಮೂಗೊಡ್ಡಿ, "ಆ ವಾಸನೆ ಇದ್ದಾಗ ಊರು ಊರಿನ ಹಾಗಿತ್ತು" ಎನ್ನುತ್ತಾರೆ. ವರ್ನಾ ಸ್ಟಾಲ್ನೇಕರ್ ಹಾಗೆನ್ನುವವಳಲ್ಲ. ಅವಳಿಗೆ ವಾಸನೆಗಿಂತ ಮೊದಲು ನೆನಪಾಗುವುದು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹಗ್ಗ.

ಗಾಳಿ ಟೈರ್ ಕಾರ್ಖಾನೆಯ ಕಡೆಯಿಂದ ತಿರುಗಿದ್ದನ್ನು ಮೊದಲು ಕಂಡವಳು ಹಿತ್ತಲ ಮೆಟ್ಟಿಲಿನ ಮೇಲೆ ನಿಂತು ಬಾಣಲೆಗೆ ಸೌಟು ಬಡಿಯಬೇಕು. ಅದು ಬೀದಿಯ ಕಟ್ಟಳೆ. ಆ ಸದ್ದು ಕೇಳಿದ್ದೇ ತಡ, ಒಲೆಯ ಮೇಲೆ ಏನೇ ಇರಲಿ, ಮಗು ಯಾವ ಸ್ಥಿತಿಯಲ್ಲೇ ಇರಲಿ, ಹೆಂಗಸರೆಲ್ಲ ಹಿತ್ತಲಿಗೆ ಓಡಿ ಹಾಸಿಗೆ ಬಟ್ಟೆಗಳನ್ನು ಬಾಚಿ ಒಳಗೆ ತರುತ್ತಿದ್ದರು. ತಡವಾದವಳ ಬಿಳಿ ಹೊದಿಕೆಯ ಮೇಲೆ ಮಸಿ ಕೂತಿರುತ್ತಿತ್ತು, ಸಣ್ಣಗೆ, ಮೆಣಸಿನ ಪುಡಿ ಉದುರಿಸಿದ ಹಾಗೆ. ಬೆರಳಿನಿಂದ ಒರೆಸಿದರೆ ಗೆರೆಯಾಗುತ್ತಿತ್ತು.

ಅದು ಗಾಳಿಯಲ್ಲಿ ಬಂದ ಮಸಿ. ಗಂಡನ ಮೈಮೇಲೆ ಬರುತ್ತಿದ್ದದ್ದು ಇನ್ನೊಂದು ತೆರ. ವರ್ನಾಳ ಗಂಡ ಡ್ವೈಟ್ ಕಾರ್ಖಾನೆಯ ಮಿಕ್ಸಿಂಗ್ ಕೋಣೆಯಲ್ಲಿದ್ದ. ಮೂಟೆ ಮೂಟೆ ಮಸಿಯನ್ನು ಹಸಿ ರಬ್ಬರಿನ ಜೊತೆ ದೊಡ್ಡ ಯಂತ್ರಕ್ಕೆ ಸುರಿದು ಅರೆಯುವ ಕೆಲಸ. ಮಸಿ ಇಲ್ಲದ ಟೈರು ಒಂದು ಬೇಸಗೆಯೂ ಬಾಳುವುದಿಲ್ಲ, ಅದು ಊರಿನ ಮಕ್ಕಳಿಗೂ ಗೊತ್ತು. ಅವನು ಕಾರ್ಖಾನೆಯಲ್ಲೇ ಸ್ನಾನ ಮಾಡಿ ಬರುತ್ತಿದ್ದ. ಆದರೂ ರಾತ್ರಿ ಮಲಗಿ ಎದ್ದರೆ ದಿಂಬಿನ ಮೇಲೆ ಅವನ ತಲೆಯ ಅಚ್ಚು ಬೂದು ಬಣ್ಣದಲ್ಲಿ ಮೂಡಿರುತ್ತಿತ್ತು. ಚರ್ಮದ ಒಳಗೆ ಕೂತದ್ದು ಬೆವರಿನ ಜೊತೆ ಹೊರಗೆ ಬರುತ್ತಿತ್ತು.

ವರ್ನಾ ಪಶ್ಚಿಮ ವರ್ಜೀನಿಯಾದ ಗುಡ್ಡದ ಊರಿನವಳು. ಆ ಬೀದಿಯ ಅರ್ಧ ಮನೆಗಳು ಅಲ್ಲಿಂದಲೇ ರಬ್ಬರಿನ ಕೆಲಸಕ್ಕೆ ಬಂದವು. ಮದುವೆಯಾಗಿ ಬಂದ ವಾರವೇ ಅತ್ತೆ ಓಪಲ್ ಅವಳನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಎರಡು ಸಿಮೆಂಟಿನ ತೊಟ್ಟಿಗಳನ್ನು ತೋರಿಸಿದಳು. ಒಂದು ಮನೆಯ ಬಟ್ಟೆಗೆ, ಒಂದು ಮಸಿಯ ಬಟ್ಟೆಗೆ.

"ಮೊದ್ಲು ಒಣಗಿದ್ದನ್ನೇ ಕೊಡವು. ಒದ್ದೆ ಆಯ್ತೋ, ಮುಗೀತು, ಒಳಗೆ ಇಳ್ಕೊಳ್ಳುತ್ತೆ. ಆಮೇಲೆ ತಣ್ಣೀರು. ಬಿಸಿ ನೀರು ಹಾಕಿದ್ರೆ ನಿನ್ನ ಜನ್ಮದಲ್ಲಿ ಬಿಡಲ್ಲ."

"ಆಮೇಲೆ ಬಿಳಿ ಆಗುತ್ತಾ ಅಮ್ಮ?"

ಓಪಲ್ ಸೊಸೆಯ ಮುಖವನ್ನು ನೋಡಿ ನಕ್ಕಳು. "ಬಿಳೀನಾ? ನನ್ನ ಗಂಡನ್ನ ಮಣ್ಣು ಮಾಡುವಾಗ ಹೊಸ ಅಂಗಿ ತಂದು ಹಾಕಿದ್ದು ಕಣೆ. ಮನೇಲಿ ಒಂದಾದ್ರೂ ಬಿಳಿ ಕಾಲರ್ ಇರ್ಲಿಲ್ಲ."

ಹೀಗೆ ವರ್ನಾ ಮಸಿ ತೊಳೆಯಲು ಶುರುಮಾಡಿದಳು. ಸೋಮವಾರ ತೊಳೆದದ್ದು ಮಂಗಳವಾರಕ್ಕೆ ಮತ್ತೆ ಕಪ್ಪು. ಮಗಳು ರಾಂಡಾ ಹುಟ್ಟಿದಳು, ನಡೆದಳು, ಶಾಲೆಗೆ ಸೇರಿದಳು. ತೊಟ್ಟಿ ಮಾತ್ರ ಖಾಲಿಯಾಗಲಿಲ್ಲ. ಡ್ವೈಟ್ ಕೆಟ್ಟವನಲ್ಲ. ಕುಡಿದು ಬೀಳುವವನಲ್ಲ, ಕೈ ಎತ್ತುವವನಲ್ಲ. ಊಟದ ತಟ್ಟೆಯನ್ನು ಎತ್ತಿ ಸಿಂಕಿಗೆ ಹಾಕುವುದು ಗಂಡಸಿನ ಕೈಗೆ ಸಾಧ್ಯವಿರುವ ಕೆಲಸವೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಹೇಳಿಕೊಡಬೇಕಾಗಿದ್ದ ಓಪಲ್ ಆ ತಟ್ಟೆಯನ್ನು ತಾನೇ ಎತ್ತುತ್ತಿದ್ದಳು.

ರಾಂಡಾ ಶಾಲೆಗೆ ಹೋಗತೊಡಗಿದ ವರ್ಷ ವರ್ನಾ ವಿಶ್ವವಿದ್ಯಾಲಯದಲ್ಲಿ ರಬ್ಬರು ಪ್ಲಾಸ್ಟಿಕ್ಕುಗಳನ್ನು ಪರೀಕ್ಷಿಸುವ ಪಾಲಿಮರ್ ಕಟ್ಟಡದಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು.

"ಮನೇಲಿ ತೊಳೆದದ್ದು ಸಾಲ್ದು ಅಂತ ಅಲ್ಲಿಗೂ ತೊಳೆಯೋಕೆ ಹೋಗ್ತೀಯಾ?" ಎಂದಳು ಓಪಲ್.

"ಅಲ್ಲಿ ತೊಳೆದ್ರೆ ಶುಕ್ರವಾರ ಸಂಬಳ ಕೊಡ್ತಾರೆ ಅಮ್ಮ."

ಡ್ವೈಟ್ ಪತ್ರಿಕೆಯಿಂದ ತಲೆ ಎತ್ತದೆ, "ಊಟದ ಹೊತ್ತಿಗೆ ಮನೇಲಿದ್ರೆ ಸರಿ" ಎಂದ. ಅವನ ಮಟ್ಟಿಗೆ ಅದು ಒಪ್ಪಿಗೆ.

ಆ ಕಟ್ಟಡದಲ್ಲಿ ಸೂಕ್ಷ್ಮದರ್ಶಕದ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಡಾಕ್ಟರ್ ಇಲೋನಾ ಬಾರ್ಟೋಶ್. ಹಂಗೆರಿಯಿಂದ ಒಂದು ಕೈಚೀಲ ಹಿಡಿದು ಓಡಿ ಬಂದವಳು, ಮಾತು ಒರಟು, ಸಿಗರೇಟು ಸೇದಲು ಹೊರಗೆ ಹೋದಾಗಲೆಲ್ಲ ಪಾತ್ರೆ ತೊಳೆಯುವ ಕೋಣೆಯನ್ನು ದಾಟಿಯೇ ಹೋಗಬೇಕು. ಒಂದು ದಿನ ವರ್ನಾ ಕೂದಲೆಳೆಯಷ್ಟು ಸಪೂರ ಗಾಜಿನ ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ನಾರನ್ನು ಸೂಜಿಯ ಮೊನೆಯಿಂದ ಹೊರಗೆಳೆಯುತ್ತಿದ್ದಳು. ಬಾರ್ಟೋಶ್ ಬಾಗಿಲಲ್ಲೇ ನಿಂತಳು.

"ನೀನು ಕಸೂತಿ ಹಾಕ್ತೀಯಾ?"

"ಇಲ್ಲ ಡಾಕ್ಟರ್. ಮಗಳ ತಲೆಯಲ್ಲಿ ಹೇನು ಹೆಕ್ತೀನಿ."

"ಅದು ಇನ್ನೂ ಒಳ್ಳೇದು. ಕೈ ಒರೆಸ್ಕೊಂಡು ಬಾ."

ಬಾರ್ಟೋಶ್‌ಗೆ ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ಕೊಯ್ಯುವವರು ಬೇಕಾಗಿದ್ದರು. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದರೆ ಎಷ್ಟೋ, ಅಷ್ಟು ತೆಳ್ಳಗೆ. ಅದಕ್ಕಿಂತ ದಪ್ಪವಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಳಗಿನದು ಕಾಣುವುದಿಲ್ಲ, ಬರೀ ಕತ್ತಲೆ. ಗಾಜನ್ನು ಮುರಿದು ಮಾಡಿದ ಚೂರಿಯ ಅಂಚಿಗೆ ಅಂಟಿಸಿದ ಪುಟ್ಟ ತೊಟ್ಟಿಯಲ್ಲಿ ನೀರು, ಅದಕ್ಕೆ ದೋಣಿ ಎನ್ನುತ್ತಾರೆ. ಯಂತ್ರ ನಿಧಾನವಾಗಿ ತುಣುಕನ್ನು ಚೂರಿಯ ಮೇಲೆ ಇಳಿಸುತ್ತದೆ, ಪದರವೊಂದು ಕೊಯ್ದುಕೊಂಡು ನೀರಿನ ಮೇಲೆ ತೇಲುತ್ತದೆ. ಅದನ್ನು ಎತ್ತುವುದು ಯಾವುದರಿಂದ? ಚಿಮುಟ ಮುಟ್ಟಿದರೆ ಮುದುಡಿಹೋಗುತ್ತದೆ.

"ನಿನ್ನ ರೆಪ್ಪೆಗೂದಲು ಒಂದು ಕೀಳು" ಎಂದಳು ಬಾರ್ಟೋಶ್.

ವರ್ನಾ ತಮಾಷೆ ಎಂದುಕೊಂಡಳು. ತಮಾಷೆಯಲ್ಲ. ಹಲ್ಲುಕಡ್ಡಿಯ ತುದಿಗೆ ರೆಪ್ಪೆಗೂದಲನ್ನು ಉಗುರಿನ ಬಣ್ಣದಿಂದ ಅಂಟಿಸಬೇಕು. ಅದರ ಮೊನೆ ಎಷ್ಟು ನಯವೆಂದರೆ ಪದರಕ್ಕೆ ನೋವಾಗದಂತೆ ಅದನ್ನು ನೀರಿನ ಮೇಲೆ ದೂಡಬಹುದು. ಪ್ರಪಂಚದ ಎಲ್ಲಾ ಕಡೆ ಈ ಕೆಲಸ ಮಾಡುವವರು ಹಾಗೇ ಮಾಡುತ್ತಾರಂತೆ. ತಮ್ಮ ತಮ್ಮ ರೆಪ್ಪೆ, ತಮ್ಮ ತಮ್ಮ ಕಡ್ಡಿ.

ದಪ್ಪ ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ಬಣ್ಣ. ಪದರ ನೇರಳೆಯಾಗಿ ಕಂಡರೆ ತೀರಾ ದಪ್ಪ, ಬಂಗಾರದ ಬಣ್ಣವಾದರೆ ಇನ್ನೂ ಸ್ವಲ್ಪ ದಪ್ಪ, ಬೆಳ್ಳಿಯಾದರೆ ಸರಿ. ಆ ಬಣ್ಣಗಳನ್ನು ನೋಡಿದಾಗ ವರ್ನಾಗೆ ಅಪರಿಚಿತವೆನಿಸಲಿಲ್ಲ. ತೊಟ್ಟಿಯಲ್ಲಿ ಸಾಬೂನಿನ ಗುಳ್ಳೆ ಒಡೆಯುವ ಮೊದಲು ಇದೇ ಸಾಲಿನಲ್ಲಿ ಬಣ್ಣ ಬದಲಾಯಿಸುತ್ತಿತ್ತು.

"ಅದೂ ಇದೇ" ಎಂದಳು ಬಾರ್ಟೋಶ್. "ಸಾಬೂನಿನ ಪೊರೆ ತೆಳ್ಳಗಾಗ್ತಾ ಹೋದ ಹಾಗೆ ಬೆಳಕು ಅದರಲ್ಲಿ ಬೇರೆ ಬೇರೆ ಥರ ತಿರುಗುತ್ತೆ. ನೀನು ಇಷ್ಟು ವರ್ಷ ಅಳತೆ ನೋಡ್ತಾ ಇದ್ದೆ. ಯಾರೂ ಹೇಳ್ಲಿಲ್ಲ ಅಷ್ಟೆ."

ಮೆತ್ತಗಿನ ರಬ್ಬರ್ ಚೂರಿಗೆ ಬಗ್ಗಿ ಕೊಡುತ್ತದೆಯೇ ಹೊರತು ಕೊಯ್ಸಿಕೊಳ್ಳುವುದಿಲ್ಲ. ಅದನ್ನು ದ್ರವ ಸಾರಜನಕದ ಹೊಗೆಯಾಡುವ ತಂಪಿನಲ್ಲಿ ಕಲ್ಲಾಗುವವರೆಗೆ ಹೆಪ್ಪುಗಟ್ಟಿಸಬೇಕು. ವರ್ನಾ ಅದನ್ನೂ ಕಲಿತಳು. ಟೈರಿನ ಚೂರೊಂದನ್ನು ಕೊಯ್ದುಕೊಟ್ಟ ಮೊದಲ ಸಲ ಬಾರ್ಟೋಶ್ ಅವಳನ್ನು ಕತ್ತಲೆ ಕೋಣೆಗೆ ಕರೆದು ಹಸಿರು ಪರದೆಯನ್ನು ತೋರಿಸಿದಳು. ಅಲ್ಲಿ ಕಪ್ಪು ಕಪ್ಪು ದುಂಡು ಕಾಳುಗಳು, ಒಂದಕ್ಕೊಂದು ಅಂಟಿ, ದ್ರಾಕ್ಷಿ ಗೊಂಚಲಿನ ಹಾಗೆ ಹರಡಿದ್ದವು.

"ಇದೇನು?"

"ಮಸಿ. ಇಷ್ಟು ದೊಡ್ಡದು ಮಾಡಿದ್ರೆ ಹೀಗೆ ಕಾಣುತ್ತೆ."

ವರ್ನಾ ಬಹಳ ಹೊತ್ತು ನೋಡಿದಳು. ಇದೇನಾ ನಾನು ಇಷ್ಟು ವರ್ಷ ಉಜ್ಜಿದ್ದು? ಎಷ್ಟು ಅಚ್ಚುಕಟ್ಟಾಗಿದೆ. ಹಳೆಯ ಶತ್ರುವಿನ ಬಾಲ್ಯದ ಫೋಟೋ ನೋಡಿದ ಹಾಗಾಯಿತು ಅವಳಿಗೆ.

ಬಾರ್ಟೋಶ್ ಬೆರಳಿಟ್ಟು ತೋರಿಸಿದಳು. "ರಬ್ಬರಿನ ಎಳೆಗಳು ಈ ಕಾಳಿನ ಮೈಗೆ ಹತ್ಕೊಂಡಿರುತ್ವೆ. ದ್ರಾವಣದಲ್ಲಿ ವಾರಗಟ್ಟಲೆ ನೆನೆಹಾಕು, ಉಳಿದ ರಬ್ಬರೆಲ್ಲ ಕರಗಿ ಹೋಗುತ್ತೆ. ಮಸಿಗೆ ತಾಗಿದ್ದು ಮಾತ್ರ ಬಿಡಲ್ಲ. ಟೈರಿನ ಗಟ್ಟಿತನ ಅಲ್ಲಿದೆ."

"ಮಸಿಗೆ ಬಿಡೋ ಅಭ್ಯಾಸನೇ ಇಲ್ಲ ಅನ್ನಿ" ಎಂದಳು ವರ್ನಾ. "ನಮ್ಮತ್ತೆ ನನ್ನ ಕೈಯಲ್ಲಿ ಜೋರಿಲ್ಲ ಅಂತಿದ್ರು."

ಆ ಕಾಲದ ಬಗ್ಗೆ ಈಗ ಮಾತಾಡುವಾಗ ವರ್ನಾಳ ದನಿ ಇಳಿಯುತ್ತದೆ. ಕೊಯ್ಯುವ ಕೋಣೆಯ ಬಾಗಿಲಿಗೆ ಒಂದು ಹಲಗೆ ತೂಗುಹಾಕಿತ್ತು: "ಒಳಗೆ ಕೊಯ್ಯುತ್ತಿದ್ದಾರೆ, ಬಾಗಿಲು ತೆರೆಯಬೇಡಿ." ಬಾಗಿಲು ತೆರೆದರೆ ಗಾಳಿ ಬಂದು ಪದರಗಳು ದೋಣಿಯ ಮೂಲೆಗೆ ಹಾರಿಹೋಗುತ್ತವೆ. ಉಸಿರು ಬಿಟ್ಟರೂ ಅಷ್ಟೆ. ಆದ್ದರಿಂದ ಆ ಹಲಗೆ ಇದ್ದಾಗ ದೊಡ್ಡ ದೊಡ್ಡ ಪ್ರೊಫೆಸರುಗಳೂ ಹೊರಗೆ ಬೆರಳಿನ ತುದಿಯಲ್ಲಿ ನಡೆಯುತ್ತಿದ್ದರು. ಮನೆಯಲ್ಲಿ ವರ್ನಾಗೆ ಮುಚ್ಚಿಕೊಳ್ಳುವ ಬಾಗಿಲೇ ಇರಲಿಲ್ಲ. ಬಚ್ಚಲುಮನೆಯಲ್ಲಿದ್ದರೂ ಯಾರಾದರೊಬ್ಬರು ಬಾಗಿಲು ತಟ್ಟಿ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಿದ್ದರು. ಉಪ್ಪು ಯಾವಾಗಲೂ ಇರುವ ಕಡೆಯೇ ಇರುತ್ತಿತ್ತು.

ಹಾಗೆಂದು ಕೆಲಸ ಕಡಿಮೆಯಾಯಿತೇ? ಇಲ್ಲ. ಬೆಳಗ್ಗೆ ಎದ್ದು ಬೀನ್ಸ್ ಕಾಳು ನೆನೆಹಾಕಿ, ಡ್ವೈಟ್‌ನ ಡಬ್ಬಿ ಕಟ್ಟಿ, ರಾಂಡಾಳ ಜಡೆ ಹಾಕಿ, ಮಸಿಯ ಬಟ್ಟೆ ಕೊಡವಿಟ್ಟು ಹೊರಟರೆ, ಸಂಜೆ ಬಂದ ಮೇಲೆ ಮೆಕ್ಕೆಜೋಳದ ಬ್ರೆಡ್ಡು, ಬೀನ್ಸು, ತೊಟ್ಟಿ. ಎರಡು ಪಾಳಿ ಅವಳದು. ಕಾರ್ಖಾನೆಯವರ ಹಾಗೆ ಎರಡನೆಯ ಪಾಳಿಗೆ ಹೆಚ್ಚಿನ ಕೂಲಿ ಇರಲಿಲ್ಲ, ಅಷ್ಟೆ ವ್ಯತ್ಯಾಸ.

ಕೊಯ್ಯುವ ಕೆಲಸಕ್ಕೆ ಊರೇ ಒಂದು ದೊಡ್ಡ ತೊಡಕಾಗಿತ್ತು. ಕಟ್ಟಡದ ಹಿಂದೆಯೇ ರೈಲು ಹಳಿ. ಕಾರ್ಖಾನೆಗಳಿಗೆ ಮಸಿ, ಗಂಧಕ, ಕಲ್ಲಿದ್ದಲು ಹೊತ್ತ ಗೂಡ್ಸ್ ಹೋದಾಗ ನೆಲ ನಡುಗುತ್ತಿತ್ತು. ಕೂತವರಿಗೆ ಗೊತ್ತಾಗದಷ್ಟು ಸಣ್ಣ ನಡುಕ, ಆದರೆ ಪದರಕ್ಕೆ ಗೊತ್ತಾಗುತ್ತಿತ್ತು. ಅದರ ಮೇಲೆ ಅಡ್ಡಡ್ಡಲಾಗಿ ಸಾಲು ಗೆರೆಗಳು ಬೀಳುತ್ತಿದ್ದವು, ಬಟ್ಟೆ ಉಜ್ಜುವ ಹಲಗೆಯ ಹಾಗೆ. ಹಾಗಾಗಿ ಆಕ್ರನ್‌ನಲ್ಲಿ ಕೊಯ್ಯುವವರು ರೈಲು ನೋಡಿಕೊಂಡು ಕೊಯ್ಯಬೇಕು. ವರ್ನಾಗೆ ಪ್ರತಿ ಗೂಡ್ಸಿನ ಗುಟ್ಟೂ ಗೊತ್ತಿತ್ತು. ಬೆಳಗಿನದು ಹೋದ ಮೇಲೆ ಸ್ವಲ್ಪ ಬಿಡುವು, ಮಧ್ಯಾಹ್ನದ್ದು ಉದ್ದ, ಅದು ಮುಗಿಯುವವರೆಗೆ ಗಾಜು ಮುರಿದು ಚೂರಿ ಮಾಡುತ್ತಾ ಕೂರುವುದು. ಬಾರ್ಟೋಶ್ ರೈಲಿಗೆ ಹಂಗೆರಿಯ ಭಾಷೆಯಲ್ಲಿ ಬೈಯುತ್ತಿದ್ದಳು. ವರ್ನಾಗೆ ಕೋಪ ಬರುತ್ತಿರಲಿಲ್ಲ. ಆ ಗೂಡ್ಸಿನಲ್ಲಿ ಹೋಗುವ ಮಸಿ ಡ್ವೈಟ್‌ನ ಯಂತ್ರಕ್ಕೆ ಬೀಳುತ್ತದೆ, ಅಲ್ಲಿಂದ ಅವಳ ತೊಟ್ಟಿಗೆ ಬರುತ್ತದೆ, ಒಂದೊಂದು ಸಲ ಅವಳ ಚೂರಿಯ ಕೆಳಗೂ ಬರುತ್ತದೆ. ಊರೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತಿತ್ತು.

ರಾಂಡಾ ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಬಂದ ಶರತ್ಕಾಲದಲ್ಲಿ ವರ್ನಾಳ ಪದರಗಳು ಇದ್ದಕ್ಕಿದ್ದಂತೆ ನುಣುಪಾದವು. ಒಂದು ದಿನ, ಎರಡು ದಿನ, ಇಡೀ ವಾರ. ಗೆರೆಯಿಲ್ಲ, ನಡುಕವಿಲ್ಲ. ಒಂದರ ಹಿಂದೆ ಒಂದು ಬೆಳ್ಳಿಯ ಚೌಕಗಳು ಪಟ್ಟಿಯಾಗಿ ನೀರಿನ ಮೇಲೆ ತೇಲಿ ಬಂದವು.

ಬಾರ್ಟೋಶ್ ಫೋಟೋಗಳನ್ನು ಬೆಳಕಿಗೆ ಹಿಡಿದು, "ಯಂತ್ರಕ್ಕೆ ಏನು ಮಾಡಿದೆ ನೀನು? ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ" ಎಂದಳು.

"ಏನೂ ಮಾಡಿಲ್ಲ ಡಾಕ್ಟರ್."

ಹೇಳುತ್ತಿದ್ದಂತೆ ವರ್ನಾಗೆ ಹೊಳೆಯಿತು. ಅವಳು ಎದ್ದು ಕಾರಿಡಾರಿನ ಕೊನೆಯ ಕಿಟಕಿಗೆ ಹೋದಳು. ಪಕ್ಕದ ಹಳಿಯಲ್ಲಿ ಮಸಿಯ ವ್ಯಾಗನ್ನುಗಳು ಸಾಲಾಗಿ ನಿಂತಿದ್ದವು. ಗಾಲಿಗಳ ನಡುವೆ ಒಣ ಎಲೆ ಗುಡ್ಡೆಯಾಗಿತ್ತು. ಅವು ಆ ವಾರವೆಲ್ಲ ಕದಲಿರಲಿಲ್ಲ.

ಮಸಿ ಬರುತ್ತಿಲ್ಲವೆಂದರೆ ಅರೆಯುವುದಕ್ಕೆ ಏನೂ ಇಲ್ಲ. ಅಂದರೆ ಕಾರ್ಖಾನೆ ನಿಲ್ಲುತ್ತಿರುವುದು ಡ್ವೈಟ್‌ಗೆ ಗೊತ್ತು. ಆದರೆ ಅವನು ಹೇಳಿಲ್ಲ.

ಸಂಜೆ ಅವಳು ಅವನ ಅಂಗಿಯನ್ನು ಹಿತ್ತಲಿನಲ್ಲಿ ಕೊಡವಿದಳು. ಉದುರಿದ್ದು ಚಿಟಿಕೆಯಷ್ಟು. ಒಳಗೆ ಬಂದು ಅವನ ಮುಖ ನೋಡಿದಳು. ಅವನು ಬೀನ್ಸಿನ ಮೇಲೆ ಈರುಳ್ಳಿ ಉದುರಿಸಿಕೊಳ್ಳುತ್ತಾ, "ಇವತ್ತು ಸ್ವಲ್ಪ ಖಾರ ಕಮ್ಮಿ" ಎಂದ. ಅವಳು ಕೇಳಲಿಲ್ಲ. ಹೇಳಲಿ ಎಂದು ಕಾದಳು. ಅವನು ಎಷ್ಟೋ ವಾರ ಖಾರದ ವಿಷಯವನ್ನೇ ಮಾತಾಡಿದ.

ಕೊನೆಗೆ ಹೇಳಿದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನ, ಟರ್ಕಿ ಕೋಳಿಯ ಎಲುಬು ತಟ್ಟೆಯಲ್ಲಿ ಉಳಿದಿದ್ದಾಗ.

"ಇಲ್ಲಿ ಮುಚ್ತಾರೆ. ಕಂಪನಿ ಓಕ್ಲಹೋಮಾದಲ್ಲಿ ಹೊಸ ಕಾರ್ಖಾನೆ ಮಾಡಿದೆ. ಹಳಬರಿಗೆ ಅಲ್ಲಿ ಜಾಗ ಕೊಡ್ತಾರಂತೆ. ಜೂನ್‌ಗೆ ಹೋಗ್ಬೇಕು. ನಾನು ಹೂಂ ಅಂದೆ."

"ಯಾವಾಗ ಅಂದೆ?"

"ಮೊನ್ನೆ ಮೊನ್ನೆ. ಬೇಸಗೆ ಮುಗಿಯೋ ಹೊತ್ತಿಗೆ."

"ಈಗ ಹಿಮ ಬೀಳ್ತಾ ಇದೆ ಡ್ವೈಟ್."

"ನಿನಗೆ ಯಾಕೆ ಸುಮ್ನೆ ಚಿಂತೆ ಅಂತ ಹೇಳ್ಲಿಲ್ಲ. ರಾಂಡಾ ಹೇಗೂ ನರ್ಸಿಂಗ್‌ಗೆ ಕ್ಲೀವ್ಲ್ಯಾಂಡಿಗೆ ಹೋಗ್ತಾಳೆ. ನಿನ್ನ ಕೆಲಸದವರಿಗೆ ಈಗಲೇ ಹೇಳ್ಬಿಡು, ಅವರು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ." ಸ್ವಲ್ಪ ತಡೆದು ಸೇರಿಸಿದ, "ಅಲ್ಲಿ ಮನೆಗಳು ಅಗ್ಗವಂತೆ. ದೊಡ್ಡ ಅಡಿಗೆಮನೆ ಇರೋದೇ ನೋಡೋಣ ನಿನಗೆ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದ. ವರ್ನಾ ಎದ್ದು ತಟ್ಟೆಗಳನ್ನು ಎತ್ತಿದಳು.

ಅಭ್ಯಾಸಬಲದಿಂದ ಅವಳು ಗಂಡನ ಮಾತು ಕೇಳಿದಳು. ಮರುವಾರವೇ ಬಾರ್ಟೋಶ್‌ಗೆ, ಜೂನ್‌ವರೆಗೆ ಮಾತ್ರ ಎಂದಳು. ಬಾರ್ಟೋಶ್ ಸಮಾಧಾನ ಹೇಳಲಿಲ್ಲ, ಸಿಟ್ಟಾದಳು.

"ನನ್ನ ಕೈ ನಡುಗುತ್ತೆ, ನಿನಗೆ ಗೊತ್ತಿಲ್ವಾ? ಕೊಯ್ಯೋರು ಯಾರು? ಓಕ್ಲಹೋಮಾದಲ್ಲಿ ಏನು ಕೊಯ್ತೀಯಾ, ಹುಲ್ಲಾ?"

ಆ ದಿನ ವರ್ನಾಗೆ ಒಳಗೊಳಗೇ ಸಂತೋಷವಾಯಿತು, ನಂತರ ಆ ಸಂತೋಷವನ್ನು ಅವಳು ತಿರುವಿ ನೋಡಿದಳು. ಮನೆಯಲ್ಲಿಯೂ ಅವಳು ಬೇಕಾಗಿದ್ದಳು, ಇಲ್ಲಿಯೂ ಬೇಕಾಗಿದ್ದಳು. ಎರಡು ಕಡೆಯೂ ಬೇಕಾಗಿದ್ದದ್ದು ಅವಳ ಕೈ. ಹಾಗಾದರೆ ಎಲ್ಲಿದ್ದರೇನು? ಚಳಿಗಾಲವೆಲ್ಲ ಅವಳು ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿದಳು. ಪದರ ತೇಲುವಾಗ ಹಾಕಿದಳು, ಆಲೂಗಡ್ಡೆ ಸುಲಿಯುವಾಗ ಹಾಕಿದಳು. ಒಂದು ದಿನ ಬಾರ್ಟೋಶ್ ಹಳೆಯ ಫೋಟೋ ಬೇಕೆಂದು ಕಪಾಟು ತೆರೆಸಿದಾಗ, ವರ್ನಾ ತಾನು ಮೊದಲ ವರ್ಷ ಕೊಯ್ದ ಮಸಿಯ ಗೊಂಚಲುಗಳನ್ನು ಮತ್ತೆ ಕಂಡಳು. ಕೈ ಪಳಗಿರದಿದ್ದಾಗಿನ ಪದರ, ಒಂದು ಅಂಚು ಮಡಿಚಿದೆ. ಆದರೂ ಅಲ್ಲಿತ್ತು. ಅಂದು ಹೇಗಿತ್ತೋ ಹಾಗೆ. ಯಾರೂ ಅದನ್ನು ತಿಂದಿರಲಿಲ್ಲ, ತೊಟ್ಟು ಕೊಳೆ ಮಾಡಿರಲಿಲ್ಲ, ಮರುದಿನ ಅದನ್ನೇ ಮತ್ತೆ ಮಾಡೆಂದು ಕೊಟ್ಟಿರಲಿಲ್ಲ.

ಅವಳ ಜೀವಮಾನದ ದುಡಿಮೆಯಲ್ಲಿ ಮುಗಿದು, ಮುಗಿದೇ ಉಳಿದಿದ್ದದ್ದು ಆ ಕಪಾಟಿನಲ್ಲಿದ್ದಷ್ಟೇ.

ಮೇ ತಿಂಗಳ ಕೊನೆಯ ಶನಿವಾರ ಡ್ವೈಟ್ ಅಂಗಡಿಯಿಂದ ಖಾಲಿ ಪೆಟ್ಟಿಗೆಗಳನ್ನು ತಂದು ಹಜಾರದಲ್ಲಿ ಪೇರಿಸಿ, ಲಾರಿಯವನ ಹತ್ತಿರ ಮಾತಾಡಲು ಹೋದ. ಕಟ್ಟುವುದು ಯಾರೆಂದು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ವರ್ನಾ ಮಧ್ಯಾಹ್ನದವರೆಗೆ ಕಟ್ಟಿದಳು. ಓಪಲ್ ಮೂಲೆಯ ಕುರ್ಚಿಯಲ್ಲಿ ಬೀನ್ಸ್ ಆರಿಸುತ್ತಾ ಎಲ್ಲವನ್ನೂ ನೋಡುತ್ತಿದ್ದಳು.

ಡ್ವೈಟ್ ವಾಪಸ್ಸು ಬಂದಾಗ ಗೋಡೆಯ ಮೇಲಿನ ಚಿತ್ರಗಳು ಗೋಡೆಯ ಮೇಲೇ ಇದ್ದವು. ಪರದೆಗಳು ಕಿಟಕಿಯಲ್ಲೇ ಇದ್ದವು. ಕಟ್ಟಿದ ಪೆಟ್ಟಿಗೆಗಳು ಬಾಗಿಲ ಬಳಿ ಒಂದು ಸಣ್ಣ ಗುಡ್ಡೆ. ಅವನು ಮೇಲಿನದನ್ನು ತೆರೆದು ನೋಡಿದ.

"ಇದರಲ್ಲಿ ನನ್ನ ಅಂಗಿ."

"ಹೌದು."

ಇನ್ನೊಂದು ತೆರೆದ. "ಇದರಲ್ಲೂ ನಂದೇ. ಮೀನು ಹಿಡಿಯೋ ಸಾಮಾನು. ಇದು... ಇಸ್ತ್ರಿ ಪೆಟ್ಟಿಗೆ ಯಾಕೆ ಹಾಕಿದ್ದೀಯಾ?"

"ಅಂಗಿ ಇಸ್ತ್ರಿ ಮಾಡೋಕೆ."

"ಯಾರು?"

"ಅಂಗಿ ಯಾರದ್ದು?"

ಡ್ವೈಟ್ ಒಂದು ಬಾಣಲೆಯನ್ನು ಎತ್ತಿ ಹಿಡಿದ. ಒಂದೇ ಬಾಣಲೆ, ಒಂದೇ ತಟ್ಟೆ, ಒಂದೇ ಲೋಟ. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕುತ್ತಿಗೆ ಕೆಂಪಾಯಿತು.

"ನೀನು ಬರಲ್ವಾ?"

"ಇಲ್ಲ."

"ಜೂನ್‌ಗೆ ಬಿಡ್ತೀನಿ ಅಂತ ಹೇಳಿದ್ದೆಯಲ್ಲ ಅವರಿಗೆ."

"ಹೇಳಿದ್ದೆ. ನಿನ್ನೆ ಹೋಗಿ, ಬಿಡಲ್ಲ ಅಂತ ಹೇಳ್ದೆ."

"ನನ್ನ ಕೇಳದೇನೇ?"

"ನೀನು ಹೂಂ ಅಂದಾಗ ನನ್ನ ಕೇಳಿದ್ಯಾ? ನಿನ್ನ ಪಿಂಚಣಿಗೆ ನೀನು ಹೋಗ್ಬೇಕು, ಅದು ನನಗೂ ಗೊತ್ತು. ಹೋಗಬೇಡ ಅಂತ ನಾನೆಲ್ಲಿ ಅಂದೆ? ನನ್ನ ಕೆಲಸ ಇಲ್ಲಿದೆ ಅಷ್ಟೆ."

"ಕೆಲಸ? ರೆಪ್ಪೆಗೂದಲಲ್ಲಿ ಪ್ಲಾಸ್ಟಿಕ್ ಆಡಿಸೋದು ಕೆಲಸನಾ?"

ವರ್ನಾ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟಳು. "ನೀನು ಟೈರಿಗೆ ಮಸಿ ಅರೀತೀಯ. ಅದನ್ನ ನಾನು ಯಾವತ್ತೂ ಆಡಿಸೋದು ಅಂದಿಲ್ಲ."

ಡ್ವೈಟ್ ತಾಯಿಯ ಕಡೆ ತಿರುಗಿದ. "ಅಮ್ಮ, ನೀನಾದ್ರೂ ಹೇಳು ಇವಳಿಗೆ."

ಓಪಲ್ ಬೀನ್ಸಿನ ತಟ್ಟೆಯಿಂದ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟಳು. "ನಾನು ಬೆಳಗ್ಗೆಯಿಂದ ನೋಡ್ತಾ ಇದ್ದೀನಿ, ನನ್ನನ್ನ ಯಾವ ಪೆಟ್ಟಿಗೆಗೆ ಹಾಕ್ತಾಳೆ ಅಂತ."

"ನೀವೇ ಹೇಳ್ಬೇಕು ಅಮ್ಮ" ಎಂದಳು ವರ್ನಾ.

"ಅಲ್ಲಿ ಗುಡ್ಡ ಇಲ್ವಂತೆ. ನೋಡೋಕೆ ಏನಿದೆ? ನಾನು ಬರಲ್ಲಪ್ಪ. ಇವಳ ಮಾತಿಗೆ ಅಂತ ಅಲ್ಲ, ನನ್ನ ಮಂಡಿಗೆ ಅಷ್ಟು ದೂರ ಆಗಲ್ಲ." ಮತ್ತೊಂದು ಕಲ್ಲು ಹೆಕ್ಕಿದಳು. "ಮೊದ್ಲು ಒಣಗಿದ್ದನ್ನೇ ಕೊಡವು, ಡ್ವೈಟ್. ಒದ್ದೆ ಮಾಡಿದ್ಯೋ, ಮುಗೀತು."

ಡ್ವೈಟ್ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಜೂನ್‌ನಲ್ಲಿ ಹೊರಟಾಗಲೂ ಅವರಿಬ್ಬರ ನಡುವೆ ನೆಟ್ಟಗೆ ಮಾತಿರಲಿಲ್ಲ. ಕಾರಿನ ಕಿಟಕಿಯಲ್ಲಿ ಅವನು, "ನೀನು ಮನಸ್ಸು ಬದಲಾಯಿಸ್ತೀಯ, ನೋಡ್ತಿರು" ಎಂದ. ವರ್ನಾ ಡಬ್ಬಿ ಕಟ್ಟಿ ಕೊಟ್ಟಿದ್ದಳು. ಅದನ್ನು ತೆಗೆದುಕೊಂಡ.

ಮನೆಯಲ್ಲಿ ಅತ್ತೆ ಸೊಸೆ ಉಳಿದರು. ಅದೇನೂ ಬಿಡುಗಡೆಯಲ್ಲ. ಓಪಲ್‌ಳ ಮಂಡಿ ದಿನೇ ದಿನೇ ಹದಗೆಟ್ಟಿತು, ಸ್ನಾನಕ್ಕೆ ಎತ್ತಿ ಕೂರಿಸಬೇಕಾಯಿತು, ಔಷಧಿಗೆ ನೆನಪಿಸಬೇಕಾಯಿತು. ಮಗ ಕಾರ್ಖಾನೆಗೆ ಹೋದ, ಮಗನ ತಾಯಿ ವರ್ನಾಳ ಪಾಲಿಗೆ ಬಂದಳು, ಅದನ್ನು ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ. ಆದರೆ ಬೆಳಗ್ಗೆ ಬಸ್ಸಿನ ಹೊತ್ತಿಗೆ ಓಪಲ್ಲೇ ಗಡಿಯಾರ ನೋಡಿ, "ಏಳು, ನಿನ್ನ ಬೆಳ್ಳಿ ಕಾಯ್ತಾ ಇರುತ್ತೆ" ಎನ್ನುತ್ತಿದ್ದಳು. ಅಡಿಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಲೆ ನೋಡಿಕೊಳ್ಳುವುದನ್ನು ತಾನಾಗಿಯೇ ಶುರುಮಾಡಿದಳು. ನೆಲಮಾಳಿಗೆಯ ಎರಡನೆಯ ತೊಟ್ಟಿಯಲ್ಲಿ ವರ್ನಾ ಜೆರೇನಿಯಂ ಹೂವಿನ ಕುಂಡಗಳನ್ನಿಟ್ಟಳು. ಬಿಸಿಲಿಲ್ಲದೆ ಅವು ಬದುಕಲಿಲ್ಲ.

ಬೀದಿಯಲ್ಲಿ ಒಂದೊಂದೇ ಮನೆ ಖಾಲಿಯಾಯಿತು. ಬಾಣಲೆ ಬಡಿಯುವವರೂ ಇಲ್ಲ, ಬಡಿಯುವ ಕಾರಣವೂ ಇಲ್ಲ. ವರ್ನಾ ಹೊದಿಕೆಗಳನ್ನು ಹಗ್ಗದ ಮೇಲೆ ಹಾಕಿ ಸಂಜೆಯವರೆಗೆ ಮರೆತುಬಿಡಬಹುದಾಗಿತ್ತು. ಮರೆಯಲು ಆಗುತ್ತಿರಲಿಲ್ಲ. ಗಾಳಿ ತಿರುಗಿದಾಗ ಕೈ ತಾನಾಗಿ ಏಪ್ರನ್ನಿಗೆ ಹೋಗುತ್ತಿತ್ತು, ಕಾಲು ಬಾಗಿಲಿಗೆ ಹೋಗುತ್ತಿತ್ತು. ಪಕ್ಕದ ಹಿತ್ತಲುಗಳಲ್ಲಿ ಯಾರೂ ಓಡಿ ಬರುತ್ತಿರಲಿಲ್ಲ. ಆಗ ಮಾತ್ರ ಅವಳಿಗೆ ಆ ಹಾಳು ಮಸಿ ಬೇಕೆನಿಸುತ್ತಿತ್ತು.

ಡ್ವೈಟ್ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದ. ಅಡಿಗೆಮನೆಯ ಗೋಡೆಯ ಫೋನು. ಮೊದಮೊದಲು ಮಾತು ಎಂದರೆ ಒಂದೇ: ಯಾವಾಗ ಬರ್ತೀಯ. ಅವಳದೂ ಒಂದೇ ಉತ್ತರ. ಆಮೇಲೆ ಅವನು ಬೀನ್ಸಿಗೆ ಎಷ್ಟು ನೀರು, ಕಾಲರಿಗೆ ಯಾವ ಸೋಪು ಎಂದು ಕೇಳತೊಡಗಿದ. ಹೇಳಿದಳು. ಕ್ರಿಸ್ಮಸ್ಸಿಗೆ ಬಂದ, ಹೋದ. ಅವಳು ಬರುವ ವಿಷಯದ ಜಗಳ ಸಣ್ಣದಾಗುತ್ತಾ ಬಂತು, ಆದರೆ ಮುಗಿಯಲಿಲ್ಲ. ಎರಡನೆಯ ಬೇಸಗೆಯ ಒಂದು ಭಾನುವಾರ ಅವನು, "ಯಾವಾಗ..." ಎಂದು ಶುರುಮಾಡಿದ.

"ಡ್ವೈಟ್, ಅದನ್ನ ವಾರ ವಾರ ಕೇಳ್ತೀಯ. ಬೇರೆ ಏನಾದ್ರೂ ಕೇಳು."

ಆ ಕಡೆ ಎಲ್ಲೋ ದೂರದಲ್ಲಿ ಯಾರದೋ ರೇಡಿಯೋ. ಆಮೇಲೆ ಡ್ವೈಟ್‌ನ ದನಿ.

"ಈ ವಾರ ಏನು ಕೊಯ್ದೆ?"

ವರ್ನಾ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತಳು. ಒಲೆಯ ಹತ್ತಿರ ಕುರ್ಚಿಯಲ್ಲಿದ್ದ ಓಪಲ್ ತಲೆ ಎತ್ತಿ ನೋಡಿದಳು.

"ಎರಡು ಥರದ ಎಳೆ" ಎಂದಳು ವರ್ನಾ. "ಒಂದು ಗಟ್ಟಿ, ಒಂದು ಮೆತ್ತಗಿಂದು. ಎಣ್ಣೆ ನೀರಿನ ಹಾಗೆ, ಒಂದಕ್ಕೊಂದು ಸೇರಲ್ಲ."

"ಸೇರದಿದ್ರೆ ಬೇರೆ ಬೇರೆ ಹೋಗುತ್ವೆ."

"ಹೋಗೋಕಾಗಲ್ಲ. ತುದಿಗೆ ತುದಿ ಹಾಕಿ ಕಟ್ಟಿದ್ದಾರೆ."

"ಯಾರು?"

"ನಮ್ಮ ಕಟ್ಟಡದ ಮೇಲಿನ ಮಹಡಿಯ ಕೆಮಿಸ್ಟರು. ಅವರಿಗೆ ಅದೇ ಕೆಲಸ."

ಡ್ವೈಟ್ ಯೋಚಿಸಿದ. ವರ್ಷಗಟ್ಟಲೆ ಮಿಕ್ಸಿಂಗ್ ಕೋಣೆಯಲ್ಲಿ ನಿಂತವನ ಯೋಚನೆ ಅದು, ಫೋನಿನಲ್ಲೇ ಅವಳಿಗೆ ಗೊತ್ತಾಯಿತು. "ಬಿಸಿ ಮಾಡಿ ಯಂತ್ರಕ್ಕೆ ಹಾಕಿ ಚೆನ್ನಾಗಿ ಅರೆದ್ರೆ? ಆಗ್ಲೂ ಸೇರಲ್ವಾ?"

"ಬಿಸಿ ಇರೋವರೆಗೆ ಸೇರಿದ ಹಾಗೆ ಕಾಣುತ್ತೆ. ಆರಿದ ಮೇಲೆ ಮತ್ತೆ ಅದೇ. ಗಟ್ಟಿಯವೆಲ್ಲ ಒಂದು ಕಡೆ ಮುಖ ಮಾಡ್ತವೆ, ಮೆತ್ತಗಿನವು ಇನ್ನೊಂದು ಕಡೆ. ದೂರ ಹೋಗೋಣ ಅಂದ್ರೆ ದಾರ ಸಾಲಲ್ಲ. ಪಟ್ಟೆ ಪಟ್ಟೆಯಾಗಿ ನಿಲ್ತವೆ, ಹಾಸಿಗೆ ಬಟ್ಟೆ ಪಟ್ಟೆ ಇರುತ್ತಲ್ಲ, ಹಾಗೆ. ಫೋಟೋ ನೋಡ್ಬೇಕು ನೀನು, ಗೆರೆ ಎಳೆದ ಹಾಗಿದೆ."

"ಹಠಮಾರಿ ಮಾಲು."

"ಒಳ್ಳೆ ಮಾಲು. ಎಳೆದ್ರೆ ಬರುತ್ತೆ, ಬಿಟ್ರೆ ತನ್ನ ಜಾಗಕ್ಕೆ ಹೋಗುತ್ತೆ. ಹರಿಯಲ್ಲ. ಶೂ ಅಟ್ಟೆಗೆ ಹಾಕ್ತಾರಂತೆ."

"ಮಸಿ ಹಾಕಲ್ವಾ ಅದಕ್ಕೆ?"

"ಬೇಕಾಗಲ್ವಂತೆ."

"ಮಸಿ ಇಲ್ದೇನಾ?" ಡ್ವೈಟ್‌ಗೆ ನಂಬಿಕೆ ಬರಲಿಲ್ಲ. "ಅದು ಹೇಗೆ ತಡ್ಕೊಳ್ಳುತ್ತೆ? ಸರಿಯಾಗಿ ಹೇಳು."

"ಬೀನ್ಸ್ ತಳ ಹಿಡೀತಾ ಇದೆ ಕಣೆ" ಎಂದಳು ಓಪಲ್.

"ಉರಿ ಸಣ್ಣ ಮಾಡಿ ಅಮ್ಮ" ಎಂದು ವರ್ನಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಮೊದಲಿನಿಂದ ಹೇಳತೊಡಗಿದಳು.